ತಕ್ಕಡಿ ಮುಟ್ಟದೆ ತೂಗಿದ್ದು

ಭೌತಶಾಸ್ತ್ರ ವಿಭಾಗದ ಹಿಂದಿನ ಖೋಲಿಯನ್ನು ಟೈಪ್‌ರೈಟಿಂಗ್ ತರಗತಿಗೆ ಬಿಟ್ಟುಕೊಡಬೇಕೆಂದು ನಮ್ಮ ಕಾಲೇಜಿನ ಆಡಳಿತ ಮಂಡಳಿ ಠರಾಯಿಸಿದ ವರ್ಷವೇ ಯುರೋಪಿನಲ್ಲಿ ಹೊಸದೊಂದು ಕಣ ಸಿಕ್ಕಿತು. ಎರಡೂ ಸುದ್ದಿ ನನಗೆ ಒಂದೇ ವಾರದಲ್ಲಿ ಮುಟ್ಟಿದವು. ಜಗತ್ತಿನ ವಿಜ್ಞಾನಿಗಳೆಲ್ಲ ಎರಡನೆಯ ಸುದ್ದಿಗೆ ಹಿಗ್ಗುತ್ತಿದ್ದಾಗ ಬಾಗಲಕೋಟೆಯಲ್ಲಿ ನಾನೊಬ್ಬ ಮೊದಲನೆಯದಕ್ಕೆ ಕುಗ್ಗಿ ಕೂತಿದ್ದೆ. ಅದು ಎಂಬತ್ಮೂರನೆಯ ಇಸವಿ.

ಆ ಖೋಲಿ ನೋಡುವಂಥದ್ದೇನೂ ಆಗಿರಲಿಲ್ಲ. ಒಂದು ಕಿಟಕಿ, ಒಂದು ಬಾಗಿಲು, ಮೂಲೆಯಲ್ಲಿ ನೀರು ಹೋಗಲು ಒಂದು ಕಿಂಡಿ. ಬಾವಲಿಗಳು ಕೂಡ ಅದನ್ನು ಒಮ್ಮೆ ಪರೀಕ್ಷಿಸಿ ಬಿಟ್ಟುಹೋಗಿದ್ದವು. ಆದರೆ ಕಿಟಕಿ ಮುಚ್ಚಿದರೆ ಇಡೀ ಕಾಲೇಜಿನಲ್ಲಿ ಪೂರಾ ಕತ್ತಲಾಗುವ ಜಾಗ ಅದೊಂದೇ. ಬೆಳಕಿನ ಪ್ರಯೋಗಗಳಿಗೆ ಮೊದಲು ಬೇಕಾದದ್ದು ಕತ್ತಲೆ. ಕತ್ತಲೆ ಇಲ್ಲದಿದ್ದರೆ ಬಿ.ಎಸ್ಸಿ. ಕೊನೆಯ ವರ್ಷದ ಪ್ರಯೋಗಗಳಿಲ್ಲ. ಪ್ರಯೋಗಗಳಿಲ್ಲದಿದ್ದರೆ ವಿಶ್ವವಿದ್ಯಾಲಯದ ತಪಾಸಣೆಯವರು ಆ ತರಗತಿಗೆ ಒಪ್ಪಿಗೆ ಕೊಡುವುದಿಲ್ಲ. ಎರಡು ವರ್ಷ ನಮ್ಮಲ್ಲಿ ಓದಿದ ಹುಡುಗ ಹುಡುಗಿಯರು ಮೂರನೆಯ ವರ್ಷಕ್ಕೆ ವಿಜಾಪುರಕ್ಕೋ ಹುಬ್ಬಳ್ಳಿಗೋ ಗಂಟು ಕಟ್ಟಬೇಕು. ಇಳಕಲ್ಲಿನಿಂದ, ಹುನಗುಂದದಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದ ಹುಡುಗಿಯರನ್ನು ಅಷ್ಟು ದೂರ ಯಾರೂ ಕಳಿಸುವುದಿಲ್ಲವೆಂಬುದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಬೇರೆ ಖೋಲಿ ಕಟ್ಟಿಸಿಕೊಡಿ ಎಂದರೆ ಆ ಕಾಲದ ಬಾಗಲಕೋಟೆಯಲ್ಲಿ ಪ್ರತಿ ಬೇಡಿಕೆಗೂ ಒಂದೇ ಉತ್ತರ ಸಿದ್ಧವಿತ್ತು: "ಊರs ಡ್ಯಾಮಿನ ಹಿನ್ನೀರಾಗ ಮುಳಗೂದೈತಿ, ಮುಳಗೂ ಊರಾಗ ಗ್ವಾಡಿ ಯಾಕ್ರಿ?" ಊರು ಮುಳುಗುವುದಕ್ಕೆ ಇನ್ನೂ ಬಹಳ ಕಾಲವಿತ್ತು. ಅಲ್ಲಿಯವರೆಗೆ ಸುಣ್ಣ ಬಳಿಯುವ ಖರ್ಚು ಉಳಿಯಿತಲ್ಲ ಎಂಬ ಸಮಾಧಾನ ಎಲ್ಲರಿಗೂ ಇತ್ತು.

ಮಂಡಳಿಯ ಅಧ್ಯಕ್ಷರು ಹುನಗುಂದದ ಹತ್ತಿ ವ್ಯಾಪಾರಿ. ಬಿಳಿ ಧೋತರ, ಕರಿ ಟೊಪಿಗೆ, ಕಡಿಮೆ ಮಾತು. ಎಲ್ಲರೂ ಅವರನ್ನು ಸಾವಕಾರರೆಂದೇ ಕರೆಯುತ್ತಿದ್ದರು. ಸಭೆಯ ದಿನ ನಾನು ಬಗಲಲ್ಲಿ ಇಂಗ್ಲಿಷ್ ಪತ್ರಿಕೆ ಹಿಡಿದು ಅವರ ಮುಂದೆ ನಿಂತೆ. ಭೌತಶಾಸ್ತ್ರ ಎಷ್ಟು ಮುಂದುವರಿದಿದೆಯೆಂದು ಹೇಳಿ ಅವರ ಮನಸ್ಸು ಕರಗಿಸುವುದು ನನ್ನ ಯೋಜನೆ. ಕರಗುವ ಬಿಂದುವನ್ನು ಮೊದಲೇ ನೋಡಿಕೊಂಡಿರಲಿಲ್ಲ.

"ಏನ ಸಿಕ್ಕೈತಂತ?" ಎಂದರು.

"ಕಣ ಸಿಕ್ಕೈತ್ರಿ, ಸಾವಕಾರ್ರ. ನೆಲದೊಳಗ ಸುರಂಗ ಕೊರದು, ಎದರಾಬದರಾ ಕಣಗಳನ್ನ ಓಡಿಸಿ ಡಿಕ್ಕಿ ಹೊಡಿಸ್ಯಾರ. ಆ ಡಿಕ್ಕ್ಯಾಗ ಹುಟ್ಟೈತಿ. ಅದರ ತೂಕಾನೂ ಗೊತ್ತಮಾಡ್ಯಾರ. ಪ್ರೋಟಾನಿನ ಎಂಬತ್ತು ಪಟ್ಟಿನ ಮ್ಯಾಲೇ ಐತಂತ."

"ಯಾರರ ಕಣ್ಣಿಲೆ ನೋಡ್ಯಾರೇನು?"

"ಇಲ್ರಿ. ಹುಟ್ಟಿದ್ದs ತಡ ಒಡದ ಹೋಗತೈತಿ. ಒಡದ ಎರಡು ಚೂರಿನೊಳಗ ಒಂದು ಸಿಗತೈತಿ, ಇನ್ನೊಂದು ಗುರುತs ಕೊಡೂದಿಲ್ಲ."

ಸಾವಕಾರರು ಟೊಪಿಗೆ ತೆಗೆದು ಮೇಜಿನ ಮೇಲಿಟ್ಟರು. "ಕಣ್ಣಿಗೆ ಕಾಣಲಾರದ್ದು. ಒಡದ ಹೋದದ್ದು. ಅದರಾಗ ಅರ್ಧ ಕಳಕೊಂಡದ್ದು. ಅದನ್ನ ತೂಗ್ಯಾರ." ಉಳಿದ ಸದಸ್ಯರ ಕಡೆ ನೋಡಿದರು. "ಯಾವ ತಕ್ಕಡ್ಯಾಗ?"

"ತಕ್ಕಡಿ ಇಲ್ಲರಿ."

ಸಭೆ ನಕ್ಕಿತು. ಸಾವಕಾರರು ನಗಲಿಲ್ಲ. "ನಾ ಸಣ್ಣಾಂವ ಇದ್ದಾಗಿಂದ ತಕ್ಕಡಿ ಮುಂದ ಕುಂತೇನಿ, ಮಾಸ್ತರ. ತಕ್ಕಡ್ಯಾಗ ಹಾಕಿ ತೂಗಿದ್ದs ಮಂದಿ ನಂಬೂದಿಲ್ಲ. ತಕ್ಕಡಿ ಇಲ್ಲದs ತೂಗೇವಿ ಅಂದ್ರ ಹ್ಯಾಂಗ ನಂಬಲಿ?"

"ತೂಗಿ ತೋರಸ್ತೇನ್ರಿ," ಎಂದುಬಿಟ್ಟೆ.

ಮಾತು ಆಡಿದ ಮೇಲೆ ಅದರ ಮಾಲಿಕ ನಾನೇ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟರಲ್ಲಿ ಕರಾರು ಆಗಿಹೋಗಿತ್ತು. ಸಾವಕಾರರು ತಮಗೆ ಬೇಕಾದ್ದನ್ನು ಒಂದು ಡಬ್ಬಿಯಲ್ಲಿ ತುಂಬಿ ಅರಗಿನ ಮೊಹರು ಹಾಕಿ ತರುತ್ತಾರೆ. ನಾನು ಅದನ್ನು ತಕ್ಕಡಿಗೆ ಹಾಕಬಾರದು, ಕೈಯಲ್ಲಿ ಎತ್ತಿ ಅಂದಾಜು ಮಾಡಲೂ ಬಾರದು. ತೂಕ ಹೇಳಬೇಕು. ಆಮೇಲೆ ಬಾಗಲಕೋಟೆಯ ಅಕ್ಕಸಾಲಿಗರೊಬ್ಬರು ಎಲ್ಲರೆದುರು ಚಿನ್ನ ತೂಗುವ ತಕ್ಕಡಿಯಲ್ಲಿ ತೂಗುತ್ತಾರೆ. ಸರಿಯಾದರೆ ಖೋಲಿ ನಮ್ಮದು, ತಪ್ಪಿದರೆ ಟೈಪ್‌ರೈಟರ್‌ಗಳದ್ದು. ಮುಂದಿನ ಸಭೆಯೇ ಗಡುವು.

ಡಿಕ್ಕಿ ಹೊಡೆಸುವ ಸುರಂಗ ನನ್ನ ಬಳಿ ಇರಲಿಲ್ಲ. ಇದ್ದ ಅನುದಾನದಲ್ಲಿ ಒಂದು ಬಿಲ ತೋಡಬಹುದಿತ್ತು. ಆದರೆ ಒಡೆದುಹೋದದ್ದರ ಲೆಕ್ಕ ಹಿಡಿಯುವ ಕಾಯಿದೆ ಯುರೋಪಿಗೂ ಬಾಗಲಕೋಟೆಗೂ ಒಂದೇ. ಎಣ್ಣೆ ಬಿದ್ದ ನೆಲದ ಮೇಲೆ ದಪ್ಪನೆಯ ಭಾವ, ಬಡಕಲು ಮೈದುನ ಇಬ್ಬರೂ ನಿಂತು ಒಬ್ಬರನ್ನೊಬ್ಬರು ನೂಕಿದರೆ ಹೆಚ್ಚು ದೂರ ಜಾರುವವನು ಮೈದುನ. ಎಷ್ಟು ಹೆಚ್ಚು ದೂರ ಎಂದು ಅಳೆದರೆ ಭಾವ ಎಷ್ಟು ದಪ್ಪ ಎಂಬುದನ್ನು ಅವನನ್ನು ಮುಟ್ಟದೆಯೇ ಹೇಳಬಹುದು. ಮುಟ್ಟದಿರುವುದು ಕೌಟುಂಬಿಕ ದೃಷ್ಟಿಯಿಂದಲೂ ಒಳ್ಳೆಯದು.

ಆದ್ದರಿಂದ ಎರಡು ಬೂಟ್ ಪಾಲಿಶಿನ ಡಬ್ಬಿ. ಒಂದೇ ಅಳತೆಯವು, ತಳವೂ ಒಂದೇ ತರಹದ್ದು. ಒಂದರಲ್ಲಿ ಮೇಣ ಮತ್ತು ಸೀಸದ ಗುಂಡು ತುಂಬಿ ಸರಿಯಾಗಿ ನೂರು ಗ್ರಾಮ್ ಮಾಡುವುದು. ಇನ್ನೊಂದು ಸಾವಕಾರರು ತುಂಬಿ ತರುವ, ತೂಕ ಗೊತ್ತಿಲ್ಲದ್ದು. ಎರಡರ ನಡುವೆ ಹಳೆಯ ಗಡಿಯಾರದ ಸ್ಪ್ರಿಂಗಿನ ತುಂಡನ್ನು ಬಾಗಿಸಿ ಇಟ್ಟು, ದಾರದಿಂದ ಎರಡನ್ನೂ ಬಿಗಿದು ಕಟ್ಟುವುದು. ದಾರ ಸುಟ್ಟರೆ ಸ್ಪ್ರಿಂಗು ಬಿಚ್ಚಿಕೊಂಡು ಡಬ್ಬಿಗಳು ಎದುರುಬದುರಾಗಿ ಜಾರುತ್ತವೆ. ನಿಂತಲ್ಲಿಗೆ ಅಳತೆಪಟ್ಟಿ ಹಿಡಿದರೆ ಆಯಿತು. ಜಾರಿದ ದೂರದಿಂದ ವೇಗ, ವೇಗದಿಂದ ತೂಕ.

ಮೊದಲ ಪ್ರಯತ್ನ ಬಾದಾಮಿಯ ನಮ್ಮ ಮನೆಯ ಅಡಿಗೆಮನೆಯಲ್ಲಿ ನಡೆಯಿತು. ನಾನು ದಿನಾ ಬಾದಾಮಿಯಿಂದ ರೈಲಿನಲ್ಲಿ ಬಾಗಲಕೋಟೆಗೆ ಹೋಗಿ ಬರುತ್ತಿದ್ದವನು. ಅಡಿಗೆಮನೆಗೆ ಹಾಸಿದ ಬಾದಾಮಿಯ ಕೆಂಪು ಕಲ್ಲು ಗುಹೆ ಕೊರೆಯಲು ಹೇಳಿಮಾಡಿಸಿದ್ದು, ಡಬ್ಬಿ ಜಾರಿಸಲು ಅಲ್ಲ. ಒರಟು ಕಡಿಮೆಯಾಗಲೆಂದು ಮೇಲೆ ಜೋಳದ ಹಿಟ್ಟು ಉದುರಿಸಿದೆ. ಮನೆಯವಳು ಬಾಗಿಲಲ್ಲಿ ನಿಂತು ನೋಡಿದಳು.

"ಜ್ವಾಳದ ಹಿಟ್ಟಿನ ಮ್ಯಾಲೆ ಡಬ್ಬಿ ಓಡಸ್ತೀರಿ. ರೊಟ್ಟಿ ಯಾವುದರ ಮ್ಯಾಲೆ ಬಡೀಲಿ, ಬೋರ್ಡಿನ ಸೀಮೆಸುಣ್ಣದ ಮ್ಯಾಲೆ?"

"ಇದು ವಿಜ್ಞಾನ."

"ಹೌದ್ರಿ? ಹಂಗಾರ ಇವತ್ತ ವಿಜ್ಞಾನನs ಉಣ್ರಿ."

ಉಂಡೆ. ಅಂದು ರಾತ್ರಿ ಅನ್ನ ಸಾರಿನ ಮೇಲೆ ಮುಗಿಯಿತು. ಜಾರಲು ಬೇಕಾದದ್ದು ಕನ್ನಡಿಯಂಥ ಕಲ್ಲು ಎಂಬುದೂ ಖಚಿತವಾಯಿತು.

ಕನ್ನಡಿಯಂಥ ಕಲ್ಲಿಗೆ ನಮ್ಮ ಸೀಮೆಯಲ್ಲಿ ದೂರ ಹೋಗಬೇಕಾಗಿಲ್ಲ. ನಮ್ಮ ಪ್ರಯೋಗಾಲಯದ ಸಿಪಾಯಿ ಇಳಕಲ್ಲಿನ ನೇಕಾರ ಮನೆತನದವನು. ನನಗಿಂತ ವಯಸ್ಸಿನಲ್ಲಿ ದೊಡ್ಡವನಾದ್ದರಿಂದ ನಾನು ಅವನಿಗೆ ಕಾಕಾ ಎನ್ನುತ್ತಿದ್ದೆ. ಅವನ ಗುರುತಿನ ಮೇಸ್ತ್ರಿಯೊಬ್ಬ ಮೂಲೆ ಮುರಿದ ಕೆಂಪು ಗ್ರಾನೈಟ್ ಹಾಸನ್ನು ಅಗ್ಗಕ್ಕೆ ಕೊಡಿಸಿ, ಲಾರಿಯಲ್ಲಿ ಏರಿಸಿಕೊಂಡು ಬಂದು, ನಮ್ಮ ಖೋಲಿಯಲ್ಲಿ ಇಟ್ಟಿಗೆಯ ಕಟ್ಟೆ ಎಬ್ಬಿಸಿ, ಸಿಮೆಂಟಿನಲ್ಲಿ ಕೂಡಿಸಿಕೊಟ್ಟ. ಮೀಸೆ ತಿದ್ದಿಕೊಳ್ಳುವಷ್ಟು ಹೊಳಪು. ಸಮತಲ ನೋಡಲು ವಿಭಾಗದಲ್ಲಿ ಸ್ಪಿರಿಟ್ ಲೆವೆಲ್ ಒಂದಿತ್ತು. ಆದರೆ ಅದರೊಳಗಿನ ದ್ರವ ವರ್ಷಗಳಿಂದ ಆರುತ್ತ ಬಂದು ಗುಳ್ಳೆಯೇ ನಳಿಕೆಯಷ್ಟು ಉದ್ದವಾಗಿತ್ತು. ಅದು ಏಣಿಯ ಮೇಲಿಟ್ಟರೂ ಸಮತಲ ಎನ್ನುತ್ತಿತ್ತು. ಮೇಸ್ತ್ರಿಯ ಮುಖದಲ್ಲಿದ್ದ ತೃಪ್ತಿಯನ್ನೇ ನಾನು ಪ್ರಮಾಣವಾಗಿ ತೆಗೆದುಕೊಂಡೆ.

ಕಲ್ಲಿನ ಮೇಲೆ ಕೇರಂ ಪುಡಿ ಉದುರಿಸಿ ಕೆಲಸ ಶುರುವಾಯಿತು. ದಾರ ಸುಡಲು ಬೆಂಕಿಕಡ್ಡಿ ಗೀರಿದರೆ ಕೈ ಅಲುಗುತ್ತಿತ್ತು. ಕಾಕಾ ಊದಿನಕಡ್ಡಿ ತಂದ. ಅದರ ಕೆಂಡ ದಾರಕ್ಕೆ ಮೆಲ್ಲಗೆ ಮುಟ್ಟಿದರೆ ಸಾಕು. ಹೀಗೆ ದಿನವಿಡೀ ಭೌತಶಾಸ್ತ್ರ ವಿಭಾಗದಿಂದ ಸುವಾಸನೆ ಹೊರಟು, ಸಂಸ್ಕೃತದ ಅಧ್ಯಾಪಕರು ಒಮ್ಮೆ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು. ಡಬ್ಬಿಗಳನ್ನು ನೋಡಿ, ಪ್ರಸಾದವಿಲ್ಲವೆಂದು ಖಾತ್ರಿ ಮಾಡಿಕೊಂಡು ಹೋದರು.

ಸಾವಕಾರರ ಡಬ್ಬಿ ಬರುವ ಮುಂಚೆ ನಮ್ಮ ವಿಧಾನವೇ ಸರಿಯೋ ಎಂದು ನೋಡಬೇಕಿತ್ತು. ಅದಕ್ಕಾಗಿ ಎರಡನೆಯ ಡಬ್ಬಿಯನ್ನೂ ಸರಿಯಾಗಿ ನೂರು ಗ್ರಾಮ್ ಮಾಡಿ ಕಟ್ಟಿದೆ. ಎರಡೂ ಸಮ. ಎರಡೂ ಸಮದೂರ ಜಾರಬೇಕು.

ಜಾರಲಿಲ್ಲ. ಬಾಗಿಲ ಕಡೆಯ ಡಬ್ಬಿ ಮುಂದೆ ಹೋಗುತ್ತಿತ್ತು, ಕಿಟಕಿ ಕಡೆಯದು ಹಿಂದೆ ಉಳಿಯುತ್ತಿತ್ತು. ಲೆಕ್ಕ ಹಾಕಿದರೆ ಕಿಟಕಿ ಕಡೆಯದು ನೂರೈದು ಗ್ರಾಮ್. ಒಂದು ಸಲ ಆಗಿದ್ದರೆ ದಾರದ ಗಂಟಿನ ತಪ್ಪು ಎನ್ನಬಹುದು. ಮತ್ತೆ ಮತ್ತೆ ಮಾಡಿದೆವು. ಕೆಲವು ಸಲ ಡಬ್ಬಿ ಓರೆಯಾಗಿ ಹಾರುತ್ತಿತ್ತು. ಅಂಥವನ್ನು ಬಿಡುವುದೆಂದು ಮೊದಲೇ ಕಲ್ಲಿನ ಮೇಲೆ ಎರಡು ಸೀಮೆಸುಣ್ಣದ ಗೆರೆ ಎಳೆದು, ಗೆರೆ ದಾಟಿದ್ದು ಲೆಕ್ಕಕ್ಕಿಲ್ಲ, ದಾಟದ್ದು ಎಂಥದ್ದಾದರೂ ಲೆಕ್ಕಕ್ಕುಂಟು ಎಂದು ನಿಯಮ ಮಾಡಿದ್ದೆ. ಕಾಕಾನಿಗೆ ಈ ನಿಯಮ ಕಠೋರವೆನಿಸಿತು.

"ಇದನ್ನ ಬಿಡೂಣ್ರಿ, ಸರ್ರ. ಇದು ಭಾಳ ದೂರ ಹೋಗೇತಿ."

"ಗೆರಿ ಒಳಗೈತಿ, ಕಾಕಾ."

"ಒಳಗೈತಿ ಖರೆ. ಆದ್ರ ಮಾರಿ ನೆಟ್ಟಗಿಲ್ಲ."

"ಮಾರಿ ನೋಡಿ ಆರಿಸಕೋತ ಹೋದ್ರ ಕಡೀಕ ನಮಗ ಬೇಕಾದ ತೂಕನs ಬರತೈತಿ. ಅದಕ್ಕ ಇಷ್ಟೆಲ್ಲಾ ಯಾಕ? ಈಗs ಬರದ ಬಿಡೂಣು."

ಮಾಡುತ್ತ ಹೋದಂತೆ ಉತ್ತರಗಳ ಚೆಲ್ಲಾಟ ಕಡಿಮೆಯಾಗಿ ಸರಾಸರಿ ನೂರೈದಕ್ಕೆ ಗಟ್ಟಿಯಾಗಿ ಕೂತಿತು. ಪ್ರಯೋಗ ಹೆಚ್ಚಿದಷ್ಟೂ ತಪ್ಪು ಹೆಚ್ಚು ಹೆಚ್ಚು ನಿಖರವಾಗುತ್ತಿತ್ತು. ಇಂಥ ಪ್ರಗತಿಯನ್ನು ನಾನು ಸರಕಾರಿ ಕಚೇರಿಗಳಲ್ಲಿ ಮಾತ್ರ ನೋಡಿದ್ದೆ.

ಕಾಕಾ ಊದಿನಕಡ್ಡಿ ಆರಿಸಿ ಹೇಳಿದ: "ಎಲ್ಲಾ ಸಲ ನೂರಾ ಐದs ಬರಾಕತ್ತೈತಿ ಅಂದ್ರ ನೂರಾ ಐದs ಇರಬೇಕ್ರಿ. ಇಷ್ಟು ಮಂದಿ ಸಾಕ್ಷಿದಾರರು ಸುಳ್ಳ ಹೇಳ್ತಾರೇನು?"

"ಎಲ್ಲಾರೂ ಒಂದs ಮನ್ಯಾಗ ಉಂಡ ಬಂದಿದ್ರ ಹೇಳ್ತಾರ, ಕಾಕಾ."

ಹೇಳಿದ ಮೇಲೆ ನನ್ನ ಮಾತು ನನಗೇ ತಾಗಿತು. ಸಾಕ್ಷಿಗಳೆಲ್ಲ ಒಂದೇ ಮನೆಯಲ್ಲಿ ಉಂಡಿದ್ದರು: ಪ್ರತಿ ಸಲವೂ ಇದೇ ಡಬ್ಬಿ ಕಿಟಕಿ ಕಡೆ, ಅದೇ ಡಬ್ಬಿ ಬಾಗಿಲ ಕಡೆ. ಡಬ್ಬಿಗಳನ್ನು ಅದಲುಬದಲು ಮಾಡಿ ದಾರ ಸುಟ್ಟೆವು. ಇಷ್ಟು ದಿನ ನೂರೈದು ತೂಗುತ್ತಿದ್ದ ಡಬ್ಬಿ ಒಮ್ಮೆಲೆ ತೊಂಬತ್ತೈದಕ್ಕೆ ಇಳಿಯಿತು. ಯಾವುದನ್ನು ಕಿಟಕಿ ಕಡೆ ಇಟ್ಟರೂ ಅದು ಭಾರವಾಗುತ್ತಿತ್ತು. ಕಾಕಾ ತಂಬಿಗೆಯಲ್ಲಿ ನೀರು ತಂದು ಕಲ್ಲಿನ ನಡುವೆ ಒಂದಿಷ್ಟು ಹೊಯ್ದ. ನೀರು ಒಂದು ಕ್ಷಣ ಯೋಚಿಸಿ, ಬಾಗಿಲ ಕಡೆ ಸಾಗಿ, ಅಂಚಿನಿಂದ ಇಳಿದು, ಮೂಲೆಯ ಕಿಂಡಿಯಲ್ಲಿ ಮರ್ಯಾದೆಯಿಂದ ಹೊರಟುಹೋಯಿತು.

ರವಿವಾರ ನಾನು ಇಳಕಲ್ಲಿಗೆ ಹೋದೆ. ಮನೆಮನೆಯಿಂದ ಮಗ್ಗದ ಸಪ್ಪಳ ಬರುತ್ತಿದ್ದ ಓಣಿಯ ತುದಿಯಲ್ಲಿ ಮೇಸ್ತ್ರಿ ಒಂದು ಹೊಸ ಬಚ್ಚಲಿಗೆ ಕಲ್ಲು ಕೂಡಿಸುತ್ತಿದ್ದ.

"ಆ ಹಾಸು ಒಂದು ಕಡೆ ಇಳದೈತಲ್ಲಪಾ," ಎಂದೆ.

ಅವನು ಕರಣಿ ಕೆಳಗಿಟ್ಟು ಅಭಿಮಾನದಿಂದ ತಲೆಯಾಡಿಸಿದ. "ಹೌದ್ರಿ. ಇಳಸೇನಿ. ಕಣ್ಣಿಗೆ ಗೊತ್ತಾಗಲಾರದಂಗ ಇಳಸೇನಿ ನೋಡ್ರಿ!"

"ನಾ ಮಟ್ಟಸ ಕೂಡಸು ಅಂದಿದ್ದೆ."

"ಮಟ್ಟಸ ಕೂಡಿಸೇ ಆಮ್ಯಾಲೆ ಕಿಂಡಿ ಕಡೆ ಜಾರು ಕೊಟ್ಟೇನ್ರಿ. ಮೂಲ್ಯಾಗ ಕಿಂಡಿ ಐತಿ, ಜಾರು ಕೊಡಲಾರದs ಹ್ಯಾಂಗ ಬಿಡ್ಲಿ? ನೀರ ನಿಂತ್ರ ನನ್ನ ಹೆಸರ ಕೆಡತೈತಿ."

"ಅದರ ಮ್ಯಾಲೆ ನಾವು ನೀರ ಹಾಕೂದs ಇಲ್ಲ."

"ಇವತ್ತ ಹಾಕೂದಿಲ್ರಿ. ನಾಳೆ?"

ನಮ್ಮ ಸೀಮೆಯ ಮೇಸ್ತ್ರಿ ಹಾಸು ಕಲ್ಲಿಗೆ ಇಳಿಜಾರು ಕೊಡದೆ ಏಳುವುದೆಂದರೆ ಹೋಳಿಗೆಗೆ ಹೂರಣ ಇಡದೆ ಲಟ್ಟಿಸಿದಂತೆ. ವಿಜ್ಞಾನಕ್ಕಾಗಿ ಆ ಮರ್ಯಾದೆಯನ್ನು ಅವನು ಬಿಟ್ಟುಕೊಡಬೇಕೆಂದು ಕೇಳುವ ಅಧಿಕಾರ ನನಗೆಲ್ಲಿಯದು. ಮತ್ತೆ ಎಬ್ಬಿಸಿ ಕೂಡಿಸಬಹುದೇ ಎಂದು ಕೇಳಿದೆ. ಸಿಮೆಂಟು ಕಚ್ಚಿಕೊಂಡಿದೆ, ಎಬ್ಬಿಸಿದರೆ ಮುರಿದ ಮೂಲೆಯಿಂದ ಸೀಳು ಓಡುತ್ತದೆ, ಕಲ್ಲು ಎರಡು ತುಂಡಾಗುತ್ತದೆ ಎಂದ. ಸಭೆ ಹತ್ತಿರ ಬಂದಿತ್ತು. ಇನ್ನೊಂದು ಕಲ್ಲು ಕೊಳ್ಳುವ ಮಾತೇ ಇಲ್ಲ.

ಹಿಂದಿರುಗುವ ಬಸ್ಸು ಹುನಗುಂದದಲ್ಲಿ ಚಹಾಕ್ಕೆ ನಿಂತಿತು. ಇಳಿಯದೆ ಕೂತು ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಕಲ್ಲು ಒಂದು ಕಡೆ ಪಕ್ಷಪಾತ ಮಾಡುತ್ತದೆ ನಿಜ. ಆದರೆ ಪ್ರಾಮಾಣಿಕವಾಗಿ ಮಾಡುತ್ತದೆ, ಎಲ್ಲರಿಗೂ ಅಷ್ಟೇ. ಕಿಟಕಿ ಕಡೆ ಇಟ್ಟಾಗ ಎಷ್ಟು ಪಟ್ಟು ಹೆಚ್ಚಿಸುತ್ತದೋ ಬಾಗಿಲ ಕಡೆ ಇಟ್ಟಾಗ ಅಷ್ಟೇ ಪಟ್ಟು ತಗ್ಗಿಸುತ್ತದೆ. ಅಂದಮೇಲೆ ಪ್ರತಿ ಡಬ್ಬಿಯನ್ನೂ ಎರಡು ಕಡೆಯಿಂದಲೂ ಅಷ್ಟಷ್ಟೇ ಸಲ ಹಾರಿಸಿ, ಎರಡು ಉತ್ತರಗಳನ್ನು ಕೂಡಿಸಿ ನಡುವಿನದನ್ನು ಹಿಡಿದರೆ ಕಲ್ಲಿನ ಪಾಲು ಕಲ್ಲಿಗೇ ಹೋಗುತ್ತದೆ. ಕಲ್ಲನ್ನು ತಿದ್ದಲಾರದಿದ್ದರೆ ಕಲ್ಲಿನ ಸ್ವಭಾವ ತಿಳಿದುಕೊಂಡು ನಡೆಯಬೇಕು. ಸಂಸಾರಸ್ಥನಾದ ನನಗೆ ಇದು ಇಷ್ಟು ತಡವಾಗಿ ಹೊಳೆಯಬಾರದಿತ್ತು.

ಆಮೇಲಿನ ದಿನಗಳಲ್ಲಿ ನಾವು ಬೇರೆ ಏನೂ ಮಾಡಲಿಲ್ಲ. ಪಾಠ ಮುಗಿದ ಕೂಡಲೇ ಖೋಲಿ, ದಾರ, ಊದಿನಕಡ್ಡಿ, ಅಳತೆಪಟ್ಟಿ. ನೂರರ ಡಬ್ಬಿ ನೂರಕ್ಕೇ ಬಂತು. ತೊಂಬತ್ತು, ನೂರಿಪ್ಪತ್ತು ಎಂದು ಬೇರೆ ಬೇರೆ ತುಂಬಿ ನೋಡಿದೆವು, ಬಂತು. ಆದರೆ ಎಂದೂ ಸರಿಯಾಗಿ ಅದೇ ಅಂಕಿಗೆ ಬರಲಿಲ್ಲ. ಎರಡು ಹೆಚ್ಚು, ಮೂರು ಕಡಿಮೆ, ಹೀಗೆ. ಅದಕ್ಕಿಂತ ಬಿಗಿ ಮಾಡಲು ಕೇರಂ ಪುಡಿಯೂ ಬಿಡಲಿಲ್ಲ, ಸ್ಪ್ರಿಂಗೂ ಬಿಡಲಿಲ್ಲ. ಮೂರರಷ್ಟು ಹೆಚ್ಚು-ಕಡಿಮೆ ನಮ್ಮ ಪ್ರಾರಬ್ಧವೆಂದು ಒಪ್ಪಿಕೊಂಡೆ. ಒಪ್ಪಿಕೊಂಡದ್ದನ್ನು ಎಲ್ಲರೆದುರು ಹೇಳಿಯೇ ಹೇಳಬೇಕೆಂದು ಗಟ್ಟಿಮಾಡಿಕೊಂಡೆ.

ಸಭೆಯ ದಿನ ಪ್ರಾಚಾರ್ಯರೂ ಸದಸ್ಯರೆಲ್ಲರೂ ಖೋಲಿಯ ಗೋಡೆಗೆ ಸಾಲಾಗಿ ಕುರ್ಚಿ ಹಾಕಿಕೊಂಡು ಕೂತರು. ಅಕ್ಕಸಾಲಿಗರು ಮೂಲೆಯಲ್ಲಿ ಗಾಜಿನ ಪೆಟ್ಟಿಗೆಯ ತಕ್ಕಡಿ ಇಟ್ಟುಕೊಂಡು, ನನ್ನ ಕಡೆ ಅನುಕಂಪದಿಂದ ನೋಡುತ್ತಿದ್ದರು. ಬಾಗಿಲ ಹೊರಗೆ ಎರಡನೆಯ ವರ್ಷದ ಹುಡುಗ ಹುಡುಗಿಯರು ಒಬ್ಬರ ಹೆಗಲ ಮೇಲೊಬ್ಬರು ಕತ್ತು ಚಾಚಿದ್ದರು. ತಾವು ಬರುವ ಜೂನಿನಲ್ಲಿ ಎಲ್ಲಿರುತ್ತೇವೆಂಬುದು ಈ ಕಲ್ಲಿನ ಮೇಲೆ ತೀರ್ಮಾನವಾಗುತ್ತದೆಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಸಾವಕಾರರು ಕಿಸೆಯಿಂದ ಡಬ್ಬಿ ತೆಗೆದರು. ನಾವೇ ಕೊಟ್ಟಿದ್ದ ಬೂಟ್ ಪಾಲಿಶಿನ ಡಬ್ಬಿ, ಮುಚ್ಚಳದ ಸುತ್ತ ಅರಗು. ತಾವೇ ಕಲ್ಲಿನ ಮೇಲಿಟ್ಟರು. ನಾನು ಕೈ ಹಚ್ಚದೆ ಮರದ ಪಟ್ಟಿಯಿಂದ ನೂಕಿ ಜಾಗಕ್ಕೆ ತಂದೆ. ಕಾಕಾ ದಾರ ಕಟ್ಟಿದ. ಕಟ್ಟುವಾಗ ಡಬ್ಬಿ ಏಳದಂತೆ ಒಬ್ಬ ಸದಸ್ಯರು ಮೂಗು ಕಲ್ಲಿಗೆ ತಾಗಿಸಿ ಕಾವಲು ಕಾದರು.

ಊದಿನಕಡ್ಡಿ ಮುಟ್ಟಿತು. ಡಬ್ಬಿಗಳು ಚಿಮ್ಮಿದವು. ಮೊದಲ ಸಲ ಹಿಂದೆ ಸರಿದ ಸದಸ್ಯರು ಮುಂದಿನ ಸಲ ಮುಂದೆ ಬಾಗಿದರು, ಆಮೇಲೆ "ಗೆರಿ ದಾಟತು, ದಾಟತು!" ಎಂದು ಕೂಗಲು ಶುರುಮಾಡಿದರು. ಅರ್ಧದಷ್ಟು ಮುಗಿದಾಗ ಬೋರ್ಡಿನ ಮೇಲೆ ಸರಾಸರಿ ಬರೆದೆ: ನೂರೆಂಟು. ಡಬ್ಬಿಗಳನ್ನು ಅದಲುಬದಲು ಮಾಡಿ ಉಳಿದರ್ಧ ಮುಗಿಸಿದೆ. ಅದರ ಸರಾಸರಿ ತೊಂಬತ್ತೆಂಟು.

ಕಾವಲು ಕಾದಿದ್ದ ಸದಸ್ಯರು ಎದ್ದರು. "ಏನ್ರಿ ಮಾಸ್ತರ, ಅರ್ಧ ತಾಸಿನ್ಯಾಗ ಹತ್ತು ಗ್ರಾಮ್ ಆವಿ ಆತೇನು?"

ಇಳಿಜಾರಿನ ಕಥೆ ಹೇಳಿದೆ. ತಂಬಿಗೆಯ ನೀರು ಹೊಯ್ದು ತೋರಿಸಿದೆ. ಎರಡನ್ನೂ ಸೇರಿಸಿ ನಡುವಿನ ಉತ್ತರ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದೆ: ನೂರಾ ಮೂರು ಗ್ರಾಮ್. ಅದರ ಪಕ್ಕದಲ್ಲಿ: ಮೂರು ಹೆಚ್ಚು ಅಥವಾ ಮೂರು ಕಡಿಮೆ.

ಸಾವಕಾರರು ಆ ಹೆಚ್ಚು-ಕಡಿಮೆಯ ಕಡೆ ಬೆರಳು ತೋರಿಸಿದರು. "ಆ ಬಾಲ ಅಳಸ್ರಿ."

"ಅಳಸಾಕ ಬರೂದಿಲ್ರಿ."

"ತೂಕ ಅಂದ್ರ ಒಂದs ಇರತೈತಿ. ನನ್ನ ಅಂಗಡ್ಯಾಗ ನಾ ಗಿರಾಕಿಗೆ ಹೆಚ್ಚು ಅಥವಾ ಕಡಿಮಿ ಅಂತ ಹೇಳಿದ್ರ ಕಾಲಾಗಿಂದು ಕೈಯಾಗ ತಗೋತಾನ. ಒಂದು ಅಂಕಿ ಹೇಳ್ರಿ. ಅದು ಬಂದ್ರ ಖೋಲಿ ನಿಮ್ಮದು."

ಆಸೆ ಬಾರದೆ ಇರಲಿಲ್ಲ. ನೂರಾ ಮೂರು ಎಂದು ನಿಂತುಬಿಟ್ಟರೆ, ತಕ್ಕಡಿಯೂ ನೂರಾ ಮೂರೇ ಎಂದರೆ, ಜಯಘೋಷ. ಆದರೆ ತಕ್ಕಡಿ ನೂರಾ ಮೂರೇ ಎನ್ನುವುದೆಂದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಬೋರ್ಡಿನ ಮೇಲಿದ್ದಷ್ಟೇ.

"ಸಾವಕಾರ್ರ," ಎಂದೆ, "ನೀವು ರೈತರ ಹತ್ತಿ ತೂಗಿದ ಮ್ಯಾಲೆ ಪ್ರತಿ ಅಂಡಗಿ ಚೀಲಕ್ಕ ಕಸ ಅಂತ, ತೇವ ಅಂತ ಒಂದೀಟು ಮುರಕೋತೀರಿ. ಹೌದಲ್ರಿ?"

"ಅದು ರೂಢಿ."

"ಅದೂ ಹೆಚ್ಚು-ಕಡಿಮಿನs ರಿ. ನಿಮ್ಮದು ಒಂದs ಕಡೆ, ನಿಮ್ಮ ಕಡೆ. ನಾ ಎರಡೂ ಕಡೆ ಬಿಟ್ಟೇನಿ. ಇದನ್ನ ಅಳಸಿದ್ರ ನನಗ ಗೊತ್ತಿಲ್ಲದ್ದನ್ನ ಗೊತ್ತೈತಿ ಅಂತ ಹೇಳಿದಂಗ ಆಗತೈತಿ. ಖೋಲಿ ಹೋದ್ರೂ ಅಳಸೂದಿಲ್ರಿ."

ಒಬ್ಬ ಸದಸ್ಯರಿಗೆ ಕೆಮ್ಮು ಬಂತು. ಹೊಲ ಇದ್ದವರು ಅವರು. ಕೆಮ್ಮು ನಗೆಯಾಗಿ ಪಕ್ಕದವರಿಗೂ ಹತ್ತಿತು. ಸಾವಕಾರರ ಮುಖ ಕೆಂಪಾಗಿ, ಮತ್ತೆ ಮೊದಲಿನಂತಾಯಿತು. ಅವರು ಅಕ್ಕಸಾಲಿಗರ ಕಡೆ ಕೈ ತೋರಿಸಿ, "ತೂಗು," ಎಂದರು.

ಡಬ್ಬಿ ತಕ್ಕಡಿಗೇರಿತು. ತೂಕದ ಬಟ್ಟುಗಳು ಒಂದೊಂದಾಗಿ ಇನ್ನೊಂದು ತಟ್ಟೆಗೆ ಬಿದ್ದವು. ಮುಳ್ಳು ಅತ್ತಿತ್ತ ಆಡಿ ನಿಂತಿತು.

"ನೂರಾ ಒಂದೂವರಿ," ಎಂದರು ಅಕ್ಕಸಾಲಿಗರು.

ಬಾಲ ಅಳಿಸಿದ್ದರೆ ನಾನು ಆ ಕ್ಷಣ ಸೋತಿದ್ದೆ. ಸಾವಕಾರರಿಗೂ ಅದು ಹೊಳೆದಿರಬೇಕು, ಬೋರ್ಡಿನ ಹತ್ತಿರ ಹೋಗಿ ಬಾಲದ ಮೇಲೆ ಬೆರಳಿಟ್ಟರು. "ನೂರರಿಂದ ನೂರಾ ಆರು. ಇದರೊಳಗs ಐತಿ." ತಿರುಗಿ ನನ್ನನ್ನು ಕೇಳಿದರು: "ಆ ಯುರೋಪಿನವರದು? ಅವರೂ ಬಾಲ ಹಚ್ಚ್ಯಾರೇನು?"

"ಹಚ್ಚ್ಯಾರ್ರಿ. ನೂರಕ್ಕ ಐದಾರು."

"ನಿಮ್ಮದು ನೂರಕ್ಕ ಮೂರು."

"ಹೌದ್ರಿ, ಆದ್ರ ಅವರ ಕಣ..." ಎಂದು ನಾನು ನ್ಯಾಯವಾಗಿ ಹೇಳಬೇಕಾದದ್ದನ್ನು ಹೇಳಹೊರಟಾಗ ಕಾಕಾ ನನ್ನ ಕಾಲು ತುಳಿದ. ವಿಜ್ಞಾನದ ಇತಿಹಾಸದಲ್ಲಿ ಅನೇಕ ಸತ್ಯಗಳು ಹೀಗೆ ಹೆಬ್ಬೆರಳಿನಲ್ಲೇ ಉಳಿದಿವೆ.

"ಅಂದ್ರ ಅವರಕಿಂತ ಬಾಗಲಕೋಟಿನs ಬಿಗಿ ಆತು," ಎಂದು ಸಾವಕಾರರು ಸಭೆಗೆ ಸಾರಿದರು. ಡಬ್ಬಿಯನ್ನು ಮೊಹರು ಒಡೆಯದೆ ಕಿಸೆಗೆ ಹಾಕಿಕೊಂಡರು. ಒಳಗೆ ಏನಿತ್ತೆಂದು ಯಾರೂ ಕೇಳಲಿಲ್ಲ. ನನಗೆ ಇಂದಿಗೂ ಗೊತ್ತಿಲ್ಲ. "ಖೋಲಿ ಇಟ್ಟಕೋರಿ. ಆದ್ರ ಟೈಪಿನ ಮಷಿನ್ ಬಂದ ಬಿಟ್ಟಾವು. ಅವನ್ನ ಎಲ್ಲಿಡಬೇಕು, ಅದನ್ನೂ ನೀವs ಹೇಳ್ರಿ."

ಗೆದ್ದವನು ಸುಮ್ಮನಿರಬೇಕೆಂದು ಹಿರಿಯರು ಹೇಳುತ್ತಾರೆ. ಅಂದು ಸುಮ್ಮನಿದ್ದಿದ್ದರೆ ಮುಂದಿನ ಸಭೆಯಲ್ಲಿ ಖೋಲಿಯ ಮಾತು ಮತ್ತೆ ಏಳುತ್ತಿತ್ತು.

"ಮಂಡಳಿಯ ಸಭಾಗೃಹ ಖಾಲಿ ಇರತೈತ್ರಿ," ಎಂದೆ. "ಬೆಳಕೂ ಚಲೋ ಐತಿ. ಟೈಪಿಂಗಿಗೆ ಬೆಳಕ ಬೇಕು, ನಮಗ ಕತ್ತಲಿ ಬೇಕು."

ಪ್ರಾಚಾರ್ಯರು ಕಣ್ಣು ಮುಚ್ಚಿಕೊಂಡರು. ಸಾವಕಾರರು ಟೊಪಿಗೆ ಹಾಕಿಕೊಂಡು ಎದ್ದರು. ಬಾಗಿಲಿಗೆ ಹೋಗಿ, ಅಲ್ಲಿ ದಾರಿ ಬಿಟ್ಟು ನಿಂತ ಹುಡುಗಿಯರನ್ನು ನೋಡಿ, "ನೀವು ಎಲ್ಲಿಯವ್ರು?" ಎಂದು ಕೇಳಿದರು.

"ಹುನಗುಂದರಿ, ಅಜ್ಜಾರ," ಎಂದಳು ಒಬ್ಬಳು. "ಇಳಕಲ್ಲರಿ," ಎಂದಳು ಇನ್ನೊಬ್ಬಳು.

"ಹೂಂ," ಎಂದರು. ಆಮೇಲೆ ಪ್ರಾಚಾರ್ಯರ ಕಡೆ ತಿರುಗದೆಯೇ, "ಮಷಿನ್ ಸಭಾಗೃಹದಾಗ ಇಡ್ರಿ. ಮೀಟಿಂಗ್ ಇದ್ದ ದಿನ ಒಂದು ಬಾಜೂಕ ಸರಸ್ರಿ," ಎಂದು ಹೇಳಿ ಬಸ್ಸಿಗೆ ನಡೆದರು.

ಜೂನಿನಲ್ಲಿ ಕೊನೆಯ ವರ್ಷದ ತರಗತಿ ನಡೆಯಿತು. ತಪಾಸಣೆಯವರು ಬಂದು ಕತ್ತಲೆಯನ್ನು ಪರಿಶೀಲಿಸಿ, ಸಾಕಷ್ಟಿದೆ ಎಂದು ಬರೆದುಕೊಂಡು ಹೋದರು. ಆ ಇಬ್ಬರು ಹುಡುಗಿಯರು ಮೊದಲ ದಿನವೇ ಹೊಸ ಸ್ಪ್ರಿಂಗು, ಹೊಸ ಪುಡಿ, ಎರಡು ಡಬ್ಬಿ ಹಿಡಿದು ಕಲ್ಲಿನ ಮುಂದೆ ನಿಂತಿದ್ದರು. ಬಾಲದ ಮೂರನ್ನು ಎರಡಕ್ಕೆ ಇಳಿಸುವ ಕೆಲಸ ಬಾಕಿ ಇತ್ತು.